ಸ್ಟೆಪ್ನಿಯ ಪ್ರಸ್ಥಾನ

ಪಂಕ್ಚರ್ ಹಾಕುತ್ತಾ, ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತ ಪುಟ್ಟಮಲ್ಲು ಈಗ ರೇಸ್ ಕಾರೊಂದಕ್ಕೆ ಹೆಡ್ ಮೇಸ್ತ್ರಿ. ಮೈಸೂರಿನಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಅವತ್ತು ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಉಳಿದ ಕಾರುಗಳೆಲ್ಲ ಸಾಲಿಗೆ ಹೋಗಿ ಗುರುಗುಟ್ಟುತ್ತಿದ್ದವು. ಇವನ ಕಾರಿನ ಕೀ ಮಾತ್ರ ಯಜಮಾನ ಚೆನ್ನವೀರಪ್ಪನವರ ಜೇಬಿನಲ್ಲಿತ್ತು.

"ಭಾನುವಾರ ಸಂಜೆ, ರಾಹುಕಾಲ. ಅದು ಕಳೆಯೋವರೆಗೂ ನನ್ನ ಕಾರು ಹೊರಡಕೂಡದು. ಬಾವುಟ ಬೀಸೋನಿಗೆ ಕಾಯೋಕೆ ಹೇಳು," ಅಂದರು.

ಪುಟ್ಟಮಲ್ಲು ಟೋಪಿ ತೆಗೆದ, ಹಾಕಿದ. ಕಾರನ್ನು ಒಂದು ಸುತ್ತು ಸುತ್ತಿದ. ಮಧ್ಯಾಹ್ನ ಊಟಕ್ಕೆ ಕೂರಲು ಪಕ್ಕದ ಶೆಡ್ಡಿನವರು ಉರುಳಿಸಿಕೊಂಡು ಹೋಗಿದ್ದ ಅವನ ಕಾರಿನ ಸ್ಟೆಪ್ನಿ ಚಕ್ರ ಕಣ್ಣಿಗೆ ಬಿತ್ತು.

"ನಮ್ಮ ಕಾರು ಆಗ್ಲೇ ಹೊರಟಾಯ್ತಲ್ಲ ಯಜಮಾನ್ರೇ!"

"ತಲೆ ಕೆಟ್ಟಿದೆಯೇನೋ? ಕಣ್ಣೆದುರಿಗೇ ನಿಂತಿದೆ."

"ಯಾತ್ರೆಗೆ ಹೊರಡೋ ಹೊತ್ತು ಸರಿಯಿಲ್ಲ ಅಂದ್ರೆ ನಿಮ್ಮ ಅಮ್ಮಾವ್ರು ಏನು ಮಾಡ್ತಿದ್ರು?"

"ಮೊದಲೇ ಒಳ್ಳೆ ಗಳಿಗೆ ನೋಡಿ ಬಟ್ಟೆಗಂಟನ್ನ ಪಕ್ಕದ ಮನೇಲಿ ಪ್ರಸ್ಥಾನ ಇಡ್ತಿದ್ರು. ಗಂಟು ಹೋದ್ರೆ ಅವರೇ ಹೊರಟ ಹಾಗೆ."

"ನೋಡಿ ಅಲ್ಲಿ. ಮಧ್ಯಾಹ್ನವೇ ನಮ್ಮ ಸ್ಟೆಪ್ನಿ ಪಕ್ಕದ ಶೆಡ್ಡಿಗೆ ಹೋಗಿ ಕೂತಿದೆ!"

ಚೆನ್ನವೀರಪ್ಪನವರು ಸ್ಟೆಪ್ನಿಯ ಮುಖ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ಅಮ್ಮನ ಪದ್ಧತಿಗೆ ಎದುರಾಡಲಾರದೆ ಕೀ ಕೊಟ್ಟರು.

ಕಾರು ಮೊದಲು ಬಂತು. ಹೋಗಿ ವೇದಿಕೆಯ ಮುಂದೆಯೇ ನಿಂತಿತು. ಬಹುಮಾನಕ್ಕೆ ಕರೆದದ್ದೇ ತಡ, ಯಜಮಾನರು ಪಂಚೆ ಎತ್ತಿಕಟ್ಟಿ ಓಡತೊಡಗಿದರು.

"ಯಜಮಾನ್ರೇ, ರಾಹುಕಾಲ ಇನ್ನೂ ಕಳೆದಿಲ್ಲ!" ಪುಟ್ಟಮಲ್ಲು ಹಿಂದಿನಿಂದ ಕೂಗಿದ.

ಅವರು ತಿರುಗಿಯೂ ನೋಡಲಿಲ್ಲ.

"ಕಾರಿಗೆ ಸ್ಟೆಪ್ನಿ ಪ್ರಸ್ಥಾನ ಆದ್ರೆ, ನನಗೆ ಕಾರೇ ಪ್ರಸ್ಥಾನ ಕಣೋ!"