ದೊರೆಗಳ ಒಡ್ಡು ಸಲಿಕೆ ಒಡ್ಡಾದದ್ದು

ಈ ಸಲ ಹೇಳುವುದೆಲ್ಲ ಖರೆ. ಹಡಗಿನಲ್ಲಿ ಮೂವತ್ತು ವರ್ಷ ಭಂಡಾರಿಯಾಗಿ ಅಡುಗೆ ಮಾಡಿ, ಯಾವ ದೇಶದವ ಅಂತ ಕೇಳದೆ ಎಲ್ಲರಿಗೂ ಅನ್ನ ಹಾಕಿದ ಕೈ ಇದು. ಈ ಕೈಯಲ್ಲಿ ಹೊಳೆನೀರು ಹಿಡಿದು ಹೇಳ್ತೇನೆ, ಒಂದಕ್ಷರ ಕೂಡಿಸಿದ್ದಿಲ್ಲ. ಹೋದ ಸಲದ ಕತೆಯಲ್ಲಿ ಒಂದು ತಿಮಿಂಗಿಲ ಬಂದಿತ್ತು, ಅದನ್ನ ಬಿಟ್ಟಿದ್ದೇನೆ. ನನ್ನ ಹೆಂಡತಿ ಗಿರಿಜೆ ಇಲ್ಲೇ ಜಗಲಿ ಮೇಲೆ ಬಲೆಯ ಹರಕು ಕಟ್ಟುತ್ತಾ ಕೂತಿದ್ದಾಳೆ. ತಪ್ಪಿದರೆ ಅವಳು ಬಿಡುವವಳಲ್ಲ.

ಬೆಲ್ಜಿಯಂ ದೇಶದಲ್ಲಿ ಫ್ಲಾಂಡರ್ಸ್ ಅಂತ ಒಂದು ಸೀಮೆ. ನಮ್ಮ ಹಡಗು ಆಂಟ್‌ವರ್ಪ್ ಬಂದರಿನಲ್ಲಿ ರಿಪೇರಿಗೆ ನಿಂತಾಗ ನಾನು ಸ್ಕೆಲ್ಡೆ ಹೊಳೆಯ ದಂಡೆ ಹಿಡಿದು ಸಮುದ್ರದ ಕಡೆ ನಡೆದು ಹೋಗಿದ್ದೆ. ಅಘನಾಶಿನಿಯ ಹೊಳೆಬಾಯಲ್ಲಿ ನಮ್ಮ ಉಪ್ಪುನೆಲದ ಗಜನಿ ಗದ್ದೆ ಕಂಡವರಿಗೆ ಆ ಊರು ಹೊಸತಲ್ಲ. ಅದೇ ಕೆಸರು, ಸಮುದ್ರ ಏರಿ ಇಳಿಯುವ ಅದೇ ಭರತ-ಇಳಿತ, ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಉದ್ದಕ್ಕೆ ಹಾಕಿದ ಅದೇ ಮಣ್ಣಿನ ಒಡ್ಡು. ನಮ್ಮಲ್ಲಿ ಕಗ್ಗ ಭತ್ತ, ಅಲ್ಲಿ ಗೋಧಿ, ವ್ಯತ್ಯಾಸ ಅಷ್ಟೇ. ಆ ಒಡ್ಡು ನೆಟ್ಟಗೆ ಬರುತ್ತಾ ಬರುತ್ತಾ ಒಂದು ಕಡೆ ಅಡ್ಡ ಬಳಸಿಕೊಂಡು ಹೋಗ್ತದೆ, ಬಳಸಿದಲ್ಲಿ ಒಂದು ಗುಂಡನೆಯ ಆಳದ ಹೊಂಡ. ಆ ಜಾಗಕ್ಕೆ ಸಲಿಕೆ ಒಡ್ಡು ಅಂತ ಹೆಸರು. ಹಳೆಯ ಹೆಸರು ದೊರೆಗಳ ಒಡ್ಡು ಅಂತ ಇತ್ತಂತೆ. ರೀಟ್‌ಹೋವೆ ಮನೆತನದ ದೊರೆಗಳು ಅಲ್ಲಿ ಏಳು ತಲೆ ಆಳಿದರು, ಕೆಂಪು ಇಟ್ಟಿಗೆಯ ಕೋಟೆ ಕಟ್ಟಿದರು ಅಂತಾರೆ. ನೋಡಲು ಬಂದವರು ಕೋಟೆ ಎಲ್ಲಿ ಅಂತ ಕೇಳಿದರೆ ಊರವರು ನಕ್ಕು ನಮ್ಮ ಕಾಲ ಕೆಳಗೇ ಬೆರಳು ತೋರಿಸ್ತಾರೆ. ನನಗೂ ಹಾಗೇ ತೋರಿಸಿದರು. ಯಾಕೆ ಅಂತ ಒಡ್ಡು ಕಾಯುವ ಒಬ್ಬ ಮುದುಕ ಕೂತು ಹೇಳಿದ.

ಹಿಂದೆ ಒಮ್ಮೆ, ಆ ಸೀಮೆಯೆಲ್ಲ ಬರೀ ಜೊಂಡು ಬೆಳೆದ ಜವುಗಾಗಿದ್ದ ಕಾಲದಲ್ಲಿ, ಬೌದೆವೈನ್ ಎಂಬ ಜೊಂಡು ಕೊಯ್ಯುವವನಿದ್ದ. ಫ್ಲಾಂಡರ್ಸಿನ ಅರಸ ಬೇಟೆಗೆ ಬಂದವ ಕೆಸರಲ್ಲಿ ಸಿಕ್ಕಿಬಿದ್ದ. ಆ ಅರಸ ಎಂಥ ಧಡೂತಿ ಅಂದರೆ ಅವನು ಹತ್ತಿ ಇಳಿದ ಕುದುರೆಗಳೆಲ್ಲ ಬಿಲ್ಲಿನ ಹಾಗೆ ಬಗ್ಗಿಹೋಗಿದ್ದವು. ಬೌದೆವೈನ್ ಅವನನ್ನ ಹೆಗಲ ಮೇಲೆ ಹೊತ್ತು, ಭರತ ಏರಿ ಇಳಿಯುವ ತನಕ ಕುತ್ತಿಗೆಮಟ್ಟ ನೀರಲ್ಲಿ ಅಲುಗದೆ ನಿಂತ. ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಒಂದು ಕೊಕ್ಕರೆ ಅದನ್ನ ನೋಡಿ, ನಾಚಿ, ಎರಡನೇ ಕಾಲನ್ನೂ ಕೆಳಗಿಟ್ಟಿತಂತೆ. ಅರಸ ಆ ಜವುಗೆಲ್ಲ ಅವನಿಗೆ ಬಿಟ್ಟುಕೊಟ್ಟ, ನೀಲಿ ಗುರಾಣಿಯ ಮೇಲೆ ಬಿಳಿ ಕೊಕ್ಕರೆ ಬರೆಸಿಕೊಟ್ಟ. ಕೊಡುವಾಗ ಒಂದು ಮಾತು ಸೇರಿಸಿದ: ಈ ನೆಲ ಗಂಡು ಸಂತಾನಕ್ಕೆ ಮಾತ್ರ. ಬೌದೆವೈನನ ಮಗ ಜೀಗರ್ ಯೆರೂಸಲೇಮಿನ ಯುದ್ಧಕ್ಕೆ ಹೋಗಿ ಒಂದು ಕಿವಿ ಅಲ್ಲೇ ಬಿಟ್ಟು ಬಂದ. ಆಮೇಲೆ ಯೆರೂಸಲೇಮಿನ ಪೇಟೆಯಲ್ಲಿ ಯಾರು ಎಂತ ಮಾತಾಡಿದರೂ ಅವನಿಗೆ ಊರಲ್ಲಿ ಕೂತೇ ಕೇಳ್ತಿತ್ತಂತೆ.

“ಕಿವಿ ಅಲ್ಲಿ, ತಲೆ ಇಲ್ಲಿ. ಚಲೋ ಆಯ್ತು,” ಅಂದಳು ಗಿರಿಜೆ, ಬಲೆಯಿಂದ ಕಣ್ಣೆತ್ತದೆ. “ಮುಂದೆ ಹೇಳಿ.”

ಜೀಗರನ ಮಗ ಕೋಟೆ ಕಟ್ಟಿದ. ಅವನ ಮಗ ಕೋಟೆಗೆ ಗೋಪುರ ಏರಿಸಿದ. ಹೀಗೆ ತಲೆಯಿಂದ ತಲೆಗೆ ಕೋಟೆ ಎತ್ತರವಾಯ್ತು, ಆದರೆ ಒಡ್ಡಿನ ಕಡೆ ಹೋಗುವ ಕಾಲು ಕಡಿಮೆಯಾಯ್ತು. ಆ ಸೀಮೆಯ ಕಟ್ಟಳೆ ಹೇಗಂದರೆ, ನೆಲ ಇದ್ದವನೆಲ್ಲ ಒಡ್ಡಿನಲ್ಲಿ ತನ್ನ ಪಾಲಿನ ತುಂಡನ್ನ ತಾನೇ ಕಾಯಬೇಕು. ಮಳೆಗಾಳಿ ಶುರುವಾಗುವ ಮೊದಲು ಒಡ್ಡಿನ ಯಜಮಾನ ಕೈಯಲ್ಲಿ ಕೋಲು ಹಿಡಿದು ಅಡಿ ಅಡಿಗೂ ಚುಚ್ಚಿ ನೋಡುತ್ತಾ ಹೋಗ್ತಾನೆ. ಇಲಿ ಬಿಲ ಇದ್ದರೆ, ಹುಲ್ಲು ಸತ್ತಿದ್ದರೆ, ಆ ತುಂಡಿನವನ ಮನೆಗೆ ದಂಡ. ಆದರೆ ದೊರೆಗಳ ಪಾಲಿನ ತುಂಡಿನ ತಲೆಯಲ್ಲಿ ಕೊಕ್ಕರೆ ಗುರಾಣಿಯ ಒಂದು ಕಂಬ ನೆಟ್ಟಿದ್ದರು. ಯಜಮಾನ ಅಲ್ಲಿಗೆ ಬಂದವ ಟೊಪ್ಪಿ ತೆಗೆದು, ಗುರಾಣಿಗೆ ತಲೆಬಾಗಿ, ಕೋಲನ್ನ ಕಂಕುಳಲ್ಲಿ ಇಟ್ಟುಕೊಂಡು ಆ ತುಂಡು ಮುಗಿಯುವ ತನಕ ಹಾಗೇ ನಡೆದು ಹೋಗುತ್ತಿದ್ದ. ದೊರೆಯ ಮಣ್ಣಿಗೆ ಕೋಲು ಚುಚ್ಚುವುದು ಮರ್ಯಾದೆಯಲ್ಲ ಅಂತ ಯಾವ ಕಾಲದಲ್ಲಿ ಯಾರು ಹೇಳಿದರೋ ಏನೋ. ಅಪ್ಪ ಬಾಗಿದ್ದಕ್ಕೆ ಮಗ ಬಾಗಿದ, ಮಗ ಬಾಗಿದ್ದಕ್ಕೆ ಮೊಮ್ಮಗ. ಮಣ್ಣೊಳಗೆ ಇಲಿಗಳು ಮಾತ್ರ ಯಾರಿಗೂ ಬಾಗದೆ ತಮ್ಮ ಕೆಲಸ ಮಾಡ್ತಾ ಇದ್ದವು.

ಏಳನೆಯವ ವೌಟರ್. ಒಳ್ಳೆಯ ಮನುಷ್ಯನೇ. ಅವನಿಗೆ ಲೋದೆ ಅಂತ ಒಬ್ಬ ಮಗ, ಅಲೈದಾ ಅಂತ ಒಬ್ಬಳು ಮಗಳು. ಅಲೈದಾ ಕೋಟೆಯಲ್ಲಿ ಕೂತು ಕಸೂತಿ ಹಾಕುವ ಹೆಣ್ಣಲ್ಲ. ಕುರಿ ಕಾಯುವವರ ಜೊತೆ ಗದ್ದೆ ಅಂಚಲ್ಲಿ ತಿರುಗುವವಳು. ಒಂದು ಬೇಸಿಗೆಯಲ್ಲಿ ದೊರೆಯ ಒಡ್ಡಿನ ಒಳಬದಿಗೆ, ಗೋಧಿ ನಡುವೆ, ಉಪ್ಪು ಗಿಡ ಹುಟ್ಟಿದ್ದನ್ನ ಅವಳು ಕಂಡಳು. ಸಮುದ್ರದ ಬದಿಗೆ ಬಿಟ್ಟು ಬೇರೆಲ್ಲೂ ಬೆಳೆಯದ ಗಿಡ ಅದು. ಕಿತ್ತು, ಬಾಯಿಗೆ ಹಾಕಿ ನೋಡಿ, ಅಪ್ಪನ ಮೇಜಿನ ಮೇಲೆ ತಂದಿಟ್ಟಳು. “ಅಪ್ಪಾ, ನಮ್ಮ ಒಡ್ಡು ಕುಡೀತಾ ಇದೆ,” ಅಂದಳು. ವೌಟರ್ ಗಿಡ ನೋಡಿದ, ಮಗಳನ್ನ ನೋಡಿದ. “ಯಜಮಾನ ಪ್ರತಿ ವರ್ಷ ನೋಡ್ತಾನೆ ಮಗಾ. ಅವನು ಒಂದು ದಿನವೂ ತಪ್ಪು ಹಿಡಿದಿಲ್ಲ,” ಅಂದ. ಅವನಿಗೆ ಅದು ನಿಜವಾಗಿಯೂ ಸಮಾಧಾನದ ಮಾತಾಗಿತ್ತು.

ಆ ವರ್ಷ ಮಾಗಿ ಕಾಲದ ಗಾಳಿ ಅಮಾವಾಸ್ಯೆಯ ಭರತದ ಜೊತೆ ಸೇರಿ ಬಂತು. ಉಳಿದವರ ಒಡ್ಡೆಲ್ಲ ನಿಂತಿತು, ದೊರೆಯದು ಒಡೆಯಿತು. ನೀರು ಒಳಗೆ ನುಗ್ಗಿದ ಜಾಗದಲ್ಲಿ ನೆಲವನ್ನೇ ಕೊರೆದು ಗುಂಡನೆಯ ಹೊಂಡ ಮಾಡಿತು. ಕುದುರೆ ಹತ್ತಿ ಮೊದಲು ಓಡಿದವ ಲೋದೆ. ಕುದುರೆ ತೇಲಿ ದಡ ಸೇರಿತು, ಅವನು ಸೇರಲಿಲ್ಲ. ಗದ್ದೆಯೆಲ್ಲ ಉಪ್ಪಾಯ್ತು, ಊರವರು ಇಗರ್ಜಿಯ ಮಾಳಿಗೆ ಹತ್ತಿ ಕೂತರು. ಒಡ್ಡಿನ ಯಜಮಾನ ಕ್ಲಾಸ್ ಎಂಬವನು ಒಡೆದ ಬಾಯ ಅಂಚಲ್ಲಿ ನಿಂತು, ತಾನು ಇಷ್ಟು ವರ್ಷ ತಲೆಬಾಗಿದ ಕಂಬ ತೇಲಿಹೋಗುವುದನ್ನ ನೋಡಿದ. ಅಂದು ಅವನು ತೆಗೆದ ಟೊಪ್ಪಿಯನ್ನ ಮತ್ತೆ ತಲೆಗೆ ಹಾಕಲಿಲ್ಲ ಅಂತಾರೆ.

ಈಗ ಕೇಳಿ. ಮುಂದಿನ ದೊಡ್ಡ ಭರತದೊಳಗೆ ಆ ಬಾಯಿ ಮುಚ್ಚದಿದ್ದರೆ ಊರು ಮತ್ತೆ ಎಂದೂ ಊರಾಗುವುದಿಲ್ಲ. ಮಗ ಹೋದ ಮೇಲೆ ವೌಟರನ ನಂತರ ನೆಲವೆಲ್ಲ ಅವನ ತಮ್ಮನ ಮಗ ಯೋಸ್‌ಗೆ ಸೇರಬೇಕು. ಯೋಸ್ ಗೆಂಟ್ ಪಟ್ಟಣದಿಂದ ದೋಣಿಯಲ್ಲಿ ಬಂದ, ನೀರಲ್ಲಿ ಮುಳುಗಿದ ಗದ್ದೆ ನೋಡಿದ, ಮೇಲೆ ಹಾರುವ ಬಾತುಗಳನ್ನೂ ನೋಡಿದ. “ದೊಡ್ಡಪ್ಪಾ, ಮುಚ್ಚಿಸಬೇಡಿ,” ಅಂದ. “ಕೋಟೆ ಎತ್ತರದಲ್ಲಿದೆ, ಅದಕ್ಕೇನಾಗ್ತದೆ? ಬಾತು ಬೇಟೆಗೆ ಇಂಥ ಜಾಗ ಎಲ್ಲಿ ಸಿಗ್ತದೆ. ಕೋಟೆಯ ಒಂದು ಇಟ್ಟಿಗೆ ಅಲುಗಿಸಿದರೂ ನಾನು ಅರಸನ ಹತ್ತಿರ ಹೋಗ್ತೇನೆ, ಅದು ಈಗ ನನ್ನ ಪಾಲು.” ಊರಲ್ಲಿ ಮಣ್ಣಿರಲಿಲ್ಲ, ಎಲ್ಲ ನೀರಡಿಯಲ್ಲಿ. ಬಾಯಿ ಮುಚ್ಚಲು ಇದ್ದದ್ದು ಕೋಟೆಯ ಇಟ್ಟಿಗೆ ಒಂದೇ.

ಆ ಸೀಮೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು, ಒಡ್ಡಿನಷ್ಟೇ ಹಳೆಯದು. ಸಲಿಕೆ ಅಂದರೆ ನಮ್ಮ ಗುದ್ದಲಿಯಲ್ಲ. ಕಾಲಲ್ಲಿ ತುಳಿದು ನೆಟ್ಟಗೆ ಮಣ್ಣಿಗೆ ಇಳಿಸುವಂಥದ್ದು. ತನ್ನ ಪಾಲಿನ ಒಡ್ಡು ತನ್ನಿಂದ ಆಗದು ಅನಿಸಿದವನು ತನ್ನ ಸಲಿಕೆಯನ್ನ ಒಡ್ಡಿನಲ್ಲಿ ನೆಟ್ಟು, ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ಹೋಗಬೇಕು. ಆ ಸಲಿಕೆಯನ್ನ ಯಾರು ಕೀಳ್ತಾರೋ ಅವರಿಗೆ ನೆಲ, ಮನೆ, ಎಲ್ಲ. ಒಡ್ಡಿನ ಹೊಣೆಯೂ ಅವರದ್ದೇ. ಕಿತ್ತವರು ಗಂಡೋ ಹೆಣ್ಣೋ, ದೊರೆಯೋ ಆಳೋ ಅಂತ ಕಟ್ಟಳೆ ಕೇಳುವುದಿಲ್ಲ. ಒಂದೇ ಒಂದು ಷರತ್ತು, ಕೀಳುವವರು ನೆಟ್ಟವನ ರಕ್ತವಾಗಿರಬಾರದು. ಇಲ್ಲದಿದ್ದರೆ ಅಪ್ಪ ನೆಟ್ಟು ಮಗ ಕಿತ್ತು ಎಲ್ಲರೂ ದಂಡ ತಪ್ಪಿಸಿಕೊಳ್ಳುತ್ತಿದ್ದರು.

ಅಲೈದಾ ಅಪ್ಪನ ಕೋಣೆಗೆ ಹೋದಳು. ಅವನು ಲೋದೆಯ ಬೂಟು ಎದುರಿಗಿಟ್ಟುಕೊಂಡು ಕೂತಿದ್ದ. ಅವಳು ಎಂತ ಮಾಡಬೇಕು ಅಂತ ಹೇಳಿದಳು, ಅವನು ಕೊನೆಯ ತನಕ ಕೇಳಿದ. “ಸಲಿಕೆ ನೆಟ್ಟರೆ ನಮ್ಮ ಮನೆತನ ಅಲ್ಲಿಗೆ ಮುಗೀತು. ಗುರಾಣಿ ತಲೆಕೆಳಗಾಗಿ ತೂಗ್ತದೆ. ಅದು ಗೊತ್ತುಂಟಲ್ಲ?” ಅಂದ. ಗೊತ್ತುಂಟು ಅಂದಳು. “ನೀನು ಕಿತ್ತರೆ ನನಗೆ ಮಗಳೂ ಇಲ್ಲ.” ಅವಳು ಆ ಬೂಟು ಎತ್ತಿ, ಕೆಸರನ್ನ ಲಂಗದ ಅಂಚಿನಿಂದ ಒರೆಸಿ ಕೆಳಗಿಟ್ಟಳು. ಅವನು ಎದ್ದು ಸಲಿಕೆ ಕೇಳಿದ. ಏಳು ತಲೆ ಆಳಿದ ಆ ಮನೆತನದ ಕೋಟೆಯಲ್ಲಿ ಒಂದು ಸಲಿಕೆ ಇರಲಿಲ್ಲ. ಕುರಿಯವನ ಮನೆಯಿಂದ ಕಡ ತಂದರು.

ಬೆಳಿಗ್ಗೆ ಇಳಿತದ ಹೊತ್ತಿಗೆ ಊರೆಲ್ಲ ಒಡ್ಡಿನ ಮೇಲೆ ನಿಂತಿತ್ತು. ವೌಟರ್ ಸಲಿಕೆ ನೆಟ್ಟ. ಜೀವಮಾನದಲ್ಲಿ ಮೊದಲ ಸಲ ಹಿಡಿದದ್ದು, ಒಂದೇ ಏಟಿಗೆ ಇಳಿಯಲಿಲ್ಲ, ಎರಡು ಸಲ ತುಳಿಯಬೇಕಾಯ್ತು. ಕೀಳಲು ಯಾರೂ ಮುಂದೆ ಬರಲಿಲ್ಲ. ಆ ಬಾಯಿಯನ್ನ ಯಾರು ತಾನೇ ಹೊರುತ್ತಾರೆ? ಆಗ ಅಲೈದಾ ಕುರಿ ಕಾಯುವವರ ಕಂಬಳಿ ಹೊದ್ದು, ಬರಿಗಾಲಲ್ಲಿ ಬಂದು, ಎರಡೂ ಕೈಯಿಂದ ಸಲಿಕೆ ಕಿತ್ತು ಹೆಗಲಿಗಿಟ್ಟಳು. “ಇವಳು ದೊಡ್ಡಪ್ಪನ ಮಗಳು, ಇದು ಮೋಸ,” ಅಂತ ಯೋಸ್ ಕೂಗಿದ. ಯಜಮಾನ ಕ್ಲಾಸ್ ಅವಳನ್ನ ಎತ್ತಿ ಆಡಿಸಿದವ. ಕಟ್ಟಳೆ ಪ್ರಕಾರ ಅವನು ಕೇಳಲೇಬೇಕು, ಕೇಳಿದ: “ಯಾವ ಮನೆಯವಳು ನೀನು?”

“ಯಾವ ಮನೆಯವಳೂ ಅಲ್ಲ.”

ಕ್ಲಾಸ್ ಊರವರ ಕಡೆ ತಿರುಗಿ ಇವಳನ್ನ ಬಲ್ಲಿರಾ ಅಂದ. ಅವಳು ಹುಟ್ಟಿದಾಗ ಹೆರಿಗೆ ಮಾಡಿಸಿದ ಮುದುಕಿ ಮೊದಲು ತಲೆ ಅಲ್ಲಾಡಿಸಿದಳು, ಇಲ್ಲ ಅಂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೆಲ ನೋಡುತ್ತಾ ಇಲ್ಲ ಅಂದರು. ಕೊನೆಗೆ ಉಳಿದವನು ವೌಟರ್. ಅವನು ಕೈಯನ್ನ ಉಪ್ಪುನೀರಲ್ಲಿ ಅದ್ದಿ ಸಲಿಕೆಯ ಹಿಡಿಯ ಮೇಲೆ ಇಡಬೇಕಾಯ್ತು, ಅದೇ ಅವರ ಆಣೆ. ಹಿಡಿಯ ಮೇಲೆ ಅವಳ ಕೈಯೂ ಇತ್ತು. ಅವಳ ಮುಖವನ್ನ ತುಂಬ ಹೊತ್ತು ನೋಡಿದ. “ಈ ಹೆಂಗಸನ್ನ ನಾನು ಕಂಡವನಲ್ಲ,” ಅಂದ. ಹೇಳಿ, ತಿರುಗಿ, ಒಡ್ಡಿನ ಮೇಲೇ ನಡೆದು ಹೊಳೆಯಾಚೆಯ ಮಠಕ್ಕೆ ಹೋದ. ಕೈಗಳು ಒಂದಕ್ಕೊಂದು ತಾಗಿದವೋ ಇಲ್ಲವೋ ಅಂತ ನಾನು ಆ ಒಡ್ಡು ಕಾಯುವ ಮುದುಕನ ಹತ್ತಿರ ಕೇಳಿದೆ. ಅದು ಅವರಿಬ್ಬರಿಗೇ ಗೊತ್ತು ಅಂದ.

ಕೋಟೆ ಈಗ ಅವಳದು, ಯಾರ ಅಪ್ಪಣೆಯೂ ಬೇಡ. ಗೋಪುರದಿಂದ ಶುರು ಮಾಡಿ ಇಳಿಸಿದರು. ಕೈಯಿಂದ ಕೈಗೆ ಇಟ್ಟಿಗೆ ಸಾಗಿತು, ದೊಡ್ಡ ದೋಣಿಯಲ್ಲಿ ತುಂಬಿ ದೋಣಿಸಮೇತ ಬಾಯಿಗೆ ಮುಳುಗಿಸಿದರು, ಹೊಂಡವನ್ನ ಬಳಸಿ ಹೊಸ ಒಡ್ಡು ಎಬ್ಬಿಸಿದರು. ದೊಡ್ಡ ಭರತ ಬಂದಾಗ ಅಲೈದಾ ಒಡ್ಡಿನ ಮೇಲೆ ಅಂಗಾತ ಮಲಗಿ ಮಣ್ಣಿಗೆ ಬೆನ್ನು ಕೊಟ್ಟಿದ್ದಳಂತೆ, ಅಲುಗಿದರೆ ಮೊದಲು ತನಗೇ ತಿಳಿಯಲಿ ಅಂತ. ಅಲುಗಲಿಲ್ಲ.

ವೌಟರ್ ಮಠದಲ್ಲಿ ಮುಂದಿನ ಚಳಿಗಾಲ ದಾಟಲಿಲ್ಲ. ಕೊನೆಗಾಲದಲ್ಲಿ ಸನ್ಯಾಸಿಗಳು, ಮಕ್ಕಳು ಯಾರಾದರೂ ಇದ್ದಾರಾ, ಹೇಳಿ ಕಳಿಸಬೇಕಾ ಅಂತ ಕೇಳಿದರು. “ಯಾರೂ ಇಲ್ಲ,” ಅಂದ. ಮುಖವನ್ನ ಹೊಳೆಯ ಕಡೆ ತಿರುಗಿಸಿ, “ಆ ಒಡ್ಡಿನ ಮೇಲಿರುವ ಹೆಂಗಸಿಗೆ ಕಿವಿ ಮುಚ್ಚಿಕೊಳ್ಳಲು ಹೇಳಿ. ಅಲ್ಲಿಯ ಗಾಳಿ ಕೆಟ್ಟದ್ದು,” ಅಂದ. ಸಲಿಕೆ ನೆಟ್ಟಲ್ಲಿಗೆ ದೊರೆತನ ಮುಗಿದು ಅವನೇ ಮನೆತನದ ಕೊನೆಯ ದೊರೆಯಾದ್ದರಿಂದ ಶವಪೆಟ್ಟಿಗೆ ಮೇಲೆ ಗುರಾಣಿಯನ್ನ ತಲೆಕೆಳಗಾಗಿ ಇಟ್ಟು, “ರೀಟ್‌ಹೋವೆ ಇದ್ದರು, ಇನ್ನಿಲ್ಲ” ಅಂತ ಸಾರಿದರು. ಅಲೈದಾ ಇಗರ್ಜಿಯ ಹಿಂದಿನ ಸಾಲಲ್ಲಿ, ಕಂಬಳಿಯಿಂದ ಕಿವಿ ಮುಚ್ಚಿಕೊಂಡು, ಪರವೂರವಳ ಹಾಗೆ ನಿಂತಿದ್ದಳು. ಅಳುವ ಹಕ್ಕೂ ಅವಳಿಗಿರಲಿಲ್ಲ, ಯೋಸ್ ನೋಡ್ತಾ ಇದ್ದ. ಅವಳ ಬದಲಿಗೆ ಊರೆಲ್ಲ ಅತ್ತಿತು ಅಂತಾರೆ.

ಅವತ್ತಿನಿಂದ ಅದು ಸಲಿಕೆ ಒಡ್ಡು. ಇವತ್ತಿಗೂ ಹೋದವರಿಗೆ ಇಗರ್ಜಿಯ ಗೋಡೆಯಲ್ಲಿ ಕಾಲು ಮೇಲಾದ ಆ ಬಿಳಿ ಕೊಕ್ಕರೆ ಕಾಣ್ತದೆ. ಒಡ್ಡು ಬಳಸಿ ಹೋಗುವುದು ಕಾಣ್ತದೆ, ಇಳಿತದಲ್ಲಿ ಮಣ್ಣಿನ ಸಂದಿಯಿಂದ ಕೆಂಪು ಇಟ್ಟಿಗೆಯ ಮೂಲೆ ಇಣುಕುವುದು ಕಾಣ್ತದೆ. ಒಡ್ಡು ನೋಡಲು ಬರುವ ಯಜಮಾನ ಆ ಬಳಸಿನಲ್ಲಿ ಮಾತ್ರ ಟೊಪ್ಪಿಯನ್ನ ಕಿವಿಯ ತನಕ ಎಳೆದುಕೊಂಡು ಕೋಲು ಎರಡು ಪಟ್ಟು ಆಳಕ್ಕೆ ಚುಚ್ಚುತ್ತಾನೆ. ಎಲ್ಲಕ್ಕಿಂತ ಮೇಲೆ, ಒಡ್ಡಿನ ನೆತ್ತಿಯಲ್ಲಿ ಆ ಸಲಿಕೆ ಇದೆ. ವೌಟರ್ ಅವತ್ತು ಬೆಳಿಗ್ಗೆ ನೆಟ್ಟ ಜಾಗದಲ್ಲೇ, ನೆಟ್ಟ ಹಾಗೇ. ಅಷ್ಟು ನೂರು ವರ್ಷದಲ್ಲಿ ಅದನ್ನ ಒಬ್ಬರೂ ಕಿತ್ತಿಲ್ಲ. ನಾನೇ ಈ ಎರಡು ಕೈ ಹಚ್ಚಿ ಎಳೆದು ನೋಡಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಗಿರಿಜೆ ಬಲೆ ಕೆಳಗಿಟ್ಟಳು.

“ಒಬ್ಬರೂ ಕಿತ್ತಿಲ್ವಾ,” ಅಂದಳು. “ಹಾಗಾದ್ರೆ ಆ ಹುಡುಗಿ ಹೆತ್ತ ಅಪ್ಪನ್ನ ಬಿಟ್ಟುಕೊಟ್ಟು ಕಿತ್ತದ್ದೆಂತದ್ದು ಮಾರಾಯ್ರೆ?”