ನೇಕಾರ ದಾಟಿದ ಏಳು ಬಾಗಿಲು

ಕೂತುಕೊಳ್ಳಿ ಮಕ್ಕಳೇ. ಅವಸರ ಇದ್ದವರು ಈಗಲೇ ಎದ್ದು ಹೋಗಿ, ನಡುವೆ ಎದ್ದರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ನನಗೆ ಮರೆತುಹೋಗುತ್ತದೆ. ಒಬ್ಬ ಗುರು ಇದ್ದ, ಒಬ್ಬ ಶಿಷ್ಯ ಇದ್ದ. ಶಿಷ್ಯ ಕೇಳಿದ ಒಂದು ಮಾತಿನಿಂದ ಈ ಕತೆ ಶುರು.

ಶಿಷ್ಯ ವೈದ್ಯ ಕಲಿತವನು. ಹೊಳೆ ಉಕ್ಕಿ ಹಾಳಾದ ಒಂದು ಊರಿಗೆ ಗುರು ಅವನನ್ನು ಕಳಿಸಿದ್ದ. ಕುಡಿತಕ್ಕೆ ಬಿದ್ದವರನ್ನೂ ಮನಸ್ಸು ಕುಗ್ಗಿ ಕೂತವರನ್ನೂ ನೋಡಿಕೊಳ್ಳುವ ಮನೆಯೊಂದು ಅಲ್ಲಿತ್ತು. ನೀರು ಅದನ್ನು ಒಯ್ದಿತ್ತು. ಅದನ್ನು ಮತ್ತೆ ಕಟ್ಟಬೇಕಿತ್ತು. ಮೂರು ತಿಂಗಳಾದ ಮೇಲೆ ಶಿಷ್ಯ ನಡೆದುಕೊಂಡೇ ವಾಪಸ್ಸು ಬಂದ. ಬಾಗಿಲಲ್ಲಿ ನಿಂತೇ ಕೇಳಿದ:

“ಗುರುಗಳೇ, ಮನೆ ಕಟ್ಟಿಸಿದೆ. ಔಷಧಿ ತರಿಸಿದೆ. ಬಂದ ನಾಲ್ಕು ಜನರನ್ನು ಸರಿಯಾಗಿಯೇ ವಿಚಾರಿಸಿದೆ, ಎಷ್ಟು ಕುಡಿಯುತ್ತೀಯ, ಯಾವಾಗಿನಿಂದ ಕುಡಿಯುತ್ತೀಯ ಅಂತ. ಅವರು ಮತ್ತೆ ಬರಲಿಲ್ಲ. ಈಗ ಯಾರೂ ಬರುತ್ತಿಲ್ಲ. ಎಲ್ಲಿ ತಪ್ಪಿದೆ?”

ಗುರು ಹೇಳಿದ ಕತೆ ಇದು.

ಹೊಳೆಯ ದಂಡೆಯ ಊರೊಂದರಲ್ಲಿ ಒಬ್ಬ ನೇಕಾರನಿದ್ದ. ಹತ್ತು ವರ್ಷ ಕುಡಿದ. ಆ ಊರಿನ ವೈದ್ಯ ಒಂದು ಬೇರಿನ ಕಷಾಯ ಕೊಟ್ಟು ಬಿಡಿಸಿದ. ಬಿಡಿಸಿದ ದಿನ ನೇಕಾರನ ಹೆಂಡತಿಗೆ ಹೇಳಿದ, “ನನ್ನ ಕಷಾಯ ಒಂಬತ್ತು ದಿನ ಹಿಡಿದಿಡುತ್ತದಮ್ಮ. ಹತ್ತನೆಯ ದಿನದಿಂದ ಊರು ಹಿಡಿದಿಡಬೇಕು.”

ಊರು ಹೇಗೆ ಹಿಡಿದಿಡುತ್ತದೆ ಅಂತ ಅವಳಿಗೆ ಆಗ ತಿಳಿಯಲಿಲ್ಲ. ಊರಿಗೂ ತಿಳಿದಿರಲಿಲ್ಲ. ನೇಕಾರನ ಮನೆಗೂ ಮಗ್ಗದ ಮನೆಗೂ ನಡುವೆ ಏಳು ಬಾಗಿಲು. ಅವನು ಹೋಗುವಾಗ ಒಂದೊಂದು ಬಾಗಿಲಲ್ಲೂ ಯಾರಾದರೂ ಒಬ್ಬರು, ಏನಪ್ಪಾ ಊಟ ಆಯ್ತಾ ಅನ್ನುತ್ತಿದ್ದರು. ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಆಯ್ತು ಅನ್ನಲು ಬಾಯಿ ತೆರೆಯಬೇಕಲ್ಲ. ಕುಡಿದಿದ್ದರೆ ವಾಸನೆ ಹೊರಗೆ ಬರುತ್ತದೆ. ಹಾಗಾಗಿ ಏಳು ಬಾಗಿಲು ದಾಟುವವನು ಶುದ್ಧ ಬಾಯಲ್ಲೇ ದಾಟಬೇಕಿತ್ತು. ಎರಡು ವರ್ಷ ಹಾಗೇ ದಾಟಿದ.

ಆಮೇಲೆ ಹೊಳೆ ಬಂತು. ಮೂರು ದಿನ ಊರೊಳಗೆ ನಿಂತಿತ್ತು. ಜನ ಉಳಿದರು, ಮಿಕ್ಕದ್ದೆಲ್ಲ ಹೋಯಿತು. ದಿಬ್ಬದ ಮೇಲೆ ತಡಿಕೆಯ ಗುಡಿಸಲು ಹಾಕಿಕೊಂಡರು. ಕಾಳು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಹೆಂಡ ಮಾರುವವನು ಕಾಳಿಗಿಂತ ಮೊದಲೇ ದೋಣಿ ಹತ್ತಿ ಬಂದಿದ್ದ.

ದಿಬ್ಬದ ಮೇಲೆ ಯಾರೂ ಯಾರನ್ನೂ ಊಟ ಆಯ್ತಾ ಅಂತ ಕೇಳಲಿಲ್ಲ. ಅವನು ಇಲ್ಲ ಅಂದುಬಿಟ್ಟರೆ? ಹಾಕಲು ನನ್ನ ಹತ್ತಿರ ಏನಿದೆ? ಹೀಗೆ ಅಂದುಕೊಂಡು ಎಲ್ಲರೂ ತಲೆ ತಗ್ಗಿಸಿ ಓಡಾಡಿದರು. ಅದು ಕೆಟ್ಟತನವಲ್ಲ, ನಾಚಿಕೆ. ಒಂದು ವಾರ ನೇಕಾರ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಎಂಟನೆಯ ದಿನ ಅವನು ಕುಡಿದ. ಒಬ್ಬ ರೈತ ದಿಬ್ಬದ ಹಿಂದೆ ಹೊಳೆಯ ಕಡೆ ಮುಖ ಮಾಡಿ ಕೂತವನು, ಕೂತೇ ಇದ್ದ.

ನೇಕಾರನ ಹೆಂಡತಿ ವೈದ್ಯನ ಹತ್ತಿರ ಹೋದಳು. “ಕಷಾಯ ಕೊಡಿ.”

“ಆ ಬೇರಿನ ಗಿಡವೆಲ್ಲ ಕೊಚ್ಚಿಹೋಗಿದೆಯಮ್ಮ. ಮತ್ತೆ ಚಿಗುರಲು ಒಂದು ಮಳೆಗಾಲ ಬೇಕು.”

“ಅಷ್ಟು ದಿನ ಅವರು ಉಳಿಯುವುದಿಲ್ಲ,” ಅಂದಳು. ಅಳಲಿಲ್ಲ.

ಪಕ್ಕದ ಗುಡಿಸಲಲ್ಲಿ ಮಂಡಕ್ಕಿ ಹುರಿಯುವ ಮುದುಕಿ ಇದನ್ನು ಕೇಳಿಸಿಕೊಂಡಳು. ಅವಳ ಬಾಣಲೆಯೂ ಹೊಳೆಯ ಪಾಲಾಗಿತ್ತು. ಮಾರನೆಯ ಬೆಳಿಗ್ಗೆ ಅವಳು ದಾರಿಯ ಬದಿಗೆ ಮೂರು ಕಲ್ಲು ಇಟ್ಟು, ಉರಿಯಿಲ್ಲದ ಒಲೆಯ ಮುಂದೆ ಕೂತಳು. ನೇಕಾರ ಬಂದ.

“ಏನಪ್ಪಾ, ಊಟ ಆಯ್ತಾ?”

ನೇಕಾರ ಅಂಗೈಯಿಂದ ಬಾಯಿ ಮುಚ್ಚಿಕೊಂಡ. “ಇಲ್ಲ ಅಂದರೆ ಏನು ಹಾಕುತ್ತೀಯಜ್ಜಿ? ಕಲ್ಲು ಬೇಯಿಸಿದ್ದೀಯಾ?”

“ಹಾಕಲು ಏನೂ ಇಲ್ಲ. ನಂದೂ ಆಗಿಲ್ಲ. ಇಬ್ಬರದೂ ಆಗಿಲ್ಲ ಅಂತ ಗೊತ್ತಾಯಿತಲ್ಲ, ಕೂತುಕೋ. ಕೈ ತೆಗಿ. ಆ ವಾಸನೆಯ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ, ನನಗೇನು ಹೊಸದಲ್ಲ.”

ಅವನು ಸ್ವಲ್ಪ ಹೊತ್ತು ಕೂತು ಎದ್ದುಹೋದ. ಮರುದಿನದಿಂದ ಅವಳ ಕಣ್ಣು ತಪ್ಪಿಸಿ ದಿಬ್ಬದ ಹಿಂದಿನ ದಾರಿ ಹಿಡಿದ. ಮುದುಕಿ ಅವನ ಬೆನ್ನು ಹತ್ತಲಿಲ್ಲ. ಬಂದುಹೋಗುವ ಎಲ್ಲರನ್ನೂ ಕೇಳಿದಳು. ದಿಬ್ಬದ ಹಿಂದೆ ಹೋಗಿ ಆ ರೈತನನ್ನೂ ಕೇಳಿದಳು. ನಾಲ್ಕು ದಿನ ಅವನು ತಿರುಗಿ ನೋಡಲಿಲ್ಲ. ಐದನೆಯ ದಿನ “ಇಲ್ಲ” ಅಂದ. ಆರನೆಯ ದಿನ “ನಿಂದು?” ಅಂದ.

ಏಳನೆಯ ದಿನ ನೇಕಾರ ಹಿಂದಿನ ದಾರಿಯಲ್ಲಿ ಬರುತ್ತಿದ್ದಾಗ, ಹೊಳೆ ನೋಡುತ್ತ ಕೂತಿದ್ದ ರೈತ ಕತ್ತು ತಿರುಗಿಸಿ, “ಊಟ ಆಯ್ತಾ?” ಅಂದ.

ನೇಕಾರ ಅಲ್ಲೇ ನಿಂತುಬಿಟ್ಟ. ಕುಡಿದಿದ್ದ. ಆದರೂ ಬಾಯಿ ತೆರೆದ. “ಇಲ್ಲಣ್ಣ. ನನ್ನಿಂದ ಆಗುತ್ತಿಲ್ಲ,” ಅಂದ. ರೈತ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಮುಂದಿನ ಮಳೆಗಾಲದ ಹೊತ್ತಿಗೆ ದಿಬ್ಬದ ಮೇಲೆ ಊಟ ಆಯ್ತಾ ಅಂತ ಕೇಳದ ಬಾಗಿಲು ಉಳಿಯಲಿಲ್ಲ. ಬೇರು ಚಿಗುರಿತು. ವೈದ್ಯ ಕಷಾಯ ಕಾಯಿಸಿದಾಗ, ಕುಡಿತಕ್ಕೆ ಬಿದ್ದಿದ್ದ ಹನ್ನೊಂದು ಜನ ತಾವಾಗಿಯೇ ಬಂದು ಕೂತರು. ವೈದ್ಯ ಬಟ್ಟಲು ಹಿಡಿದು, “ಇವರ ಬಾಯಿ ತೆರೆಸುವುದೇ ನನಗೆ ಯಾವಾಗಲೂ ಕಷ್ಟ. ಈ ಸಲ ತೆರೆದುಕೊಂಡೇ ಬಂದಿದ್ದಾರೆ,” ಅಂದ.

ಆಮೇಲೆ ವೈದ್ಯ ತನ್ನ ಹೊಸ ಮನೆಯನ್ನು ಆ ಮೂರು ಕಲ್ಲಿನ ಪಕ್ಕದಲ್ಲೇ ಕಟ್ಟಿದ. ಮುದುಕಿಗೆ ಬಾಣಲೆ ಬಂತು. ಹಲ್ಲೆಲ್ಲ ಉದುರಿದ ಮೇಲೂ ಮಂಡಕ್ಕಿ ಹುರಿದಳು, ತಾನು ಮಾತ್ರ ನೆನೆಸಿಕೊಂಡು ತಿಂದಳು. ರೈತ ಹೊಲಕ್ಕೆ ಹೋಗಲು ಶುರುಮಾಡಿದ. ಮಳೆ ಜೋರಾದ ದಿನ ಮಾತ್ರ ಹೊಳೆಯ ಕಡೆ ಮುಖ ಮಾಡಿ ಕೂರುತ್ತಾನೆ, ಅವತ್ತು ನೇಕಾರ ಹೋಗಿ ಪಕ್ಕದಲ್ಲಿ ಕೂರುತ್ತಾನೆ. ನೇಕಾರ ಮತ್ತೆರಡು ಸಲ ಕುಡಿದ. ಎರಡು ಸಲವೂ ತಾನೇ ಬಂದು ಮುದುಕಿಯ ಮುಂದೆ ಬಾಯಿ ತೆರೆದ. ಮೂರನೆಯ ಸಲ ಕುಡಿಯುವ ಪ್ರಸಂಗ ಬರಲಿಲ್ಲ. ಹೊಸ ಮಗ್ಗದ ಮೊದಲ ಸೀರೆಯನ್ನು ಅವನ ಹೆಂಡತಿ ಯಾರಿಗೂ ಮಾರಲಿಲ್ಲ, ತಾನೇ ಉಟ್ಟಳು.

ಗುರುವಿನ ಕತೆ ಮುಗಿಯಿತು. ಶಿಷ್ಯ ಬಾಗಿಲಲ್ಲೇ ನಿಂತಿದ್ದ. ಗುರು ಅವನ ಕಾಲಿನ ಧೂಳು ನೋಡಿದ.

“ಬೆಳಿಗ್ಗೆಯಿಂದ ನಡೆದು ಬಂದಿದ್ದೀಯ. ನಿನ್ನ ಊಟ ಆಯ್ತಾ?”

“ಇಲ್ಲ ಗುರುಗಳೇ. ಆ ನಾಲ್ಕು ಜನರನ್ನು ನಾನು ಇದನ್ನೊಂದು ಕೇಳಲಿಲ್ಲ,” ಅಂದು ಶಿಷ್ಯ ಒಳಗೆ ಬಂದು ಕೂತ.