ನಾಲ್ಕೆಲೆ ಆಟಕ್ಕೆ ಎರಡೆಲೆ ಪುಸ್ತಕ

ಹತ್ತಿರ ಬನ್ನಿ, ಹಿಂದಿನೋರು ಗದ್ದಲ ನಿಲ್ಲಿಸಿ. ಕಣಗಿಲೆಕೋಟೆ ಅಂತ ಒಂದು ರಾಜ್ಯ ಇತ್ತು. ಅದಕ್ಕೆ ಸೋವಿರಾಯ ಅಂತ ಒಬ್ಬ ರಾಜ. ಹೊಟ್ಟೆ ದೊಡ್ಡದು, ಕಿರೀಟ ಇನ್ನೂ ದೊಡ್ಡದು, ತಲೆಯೊಳಗಿನ ವಿಚಾರ ಈಗ ಬೇಡ. ಅವನ ರಾಣಿ ಕೆಂಚಾಂಬೆ. ಮದುವೆಯಾಗಿ ಬರುವಾಗ ತವರಿನಿಂದ ಅವಳ ಹಿಂದೆ ಒಂದು ಆನೆಮರಿ ಬಂದಿತ್ತು. ಹೆಸರು ಮುದ್ದವ್ವ. ರಾಣಿಗೆ ರಾಜನಿಗಿಂತ ಆ ಆನೆಯ ಮೇಲೇ ಪ್ರೀತಿ ಜಾಸ್ತಿ. ರಾಜನನ್ನು ನೋಡಿದವರಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ.

ಆ ಕಾಲಕ್ಕೆ ಅಲ್ಲಿ ನಾಲ್ಕೆಲೆ ಆಟದ ಹುಚ್ಚು. ಒಬ್ಬೊಬ್ಬರ ಕೈಗೆ ನಾಲ್ಕು ಇಸ್ಪೀಟಿನ ಎಲೆ. ಚಾಪೆಯ ಮೇಲೆ ಎಲ್ಲರಿಗೂ ಕಾಣುವಂತೆ ಐದು ಎಲೆ. ಕೈಯಿಂದ ಎರಡೇ, ಚಾಪೆಯಿಂದ ಮೂರೇ ಸೇರಿಸಿ ಜೋಡಣೆ ಮಾಡಬೇಕು. ಐದೂ ಒಂದೇ ಬಣ್ಣದವು, ಅಂದರೆ ಐದೂ ಕಳಾವರ್ ಅನ್ನೋ ಹಾಗೆ ಬಂದರೆ, ಅದು ಭಾರಿ ಜೋಡಣೆ. ಪಣಕ್ಕೆ ಹುಣಸೆಬೀಜ. ನಡುವೆ ಎಷ್ಟು ರಾಶಿ ಇದೆಯೋ ಅದಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಕೈಯಲ್ಲಿದ್ದ ಬೀಜವೆಲ್ಲ ಮುಗಿದರೆ, ಸೋತರೆ ಕೊಡ್ತೀನಿ ಅಂತ ಮಾತಿಗೆ ಇಟ್ಟ ವಸ್ತು ಹೋಯಿತು.

ರಾಜನಿಗೆ ಆಡುವ ಆಸೆ, ಕಲಿಯುವ ಸೋಮಾರಿತನ. ಇದರ ವಾಸನೆ ಹಿಡಿದು ಒಂದು ದಿನ ಗರುಡಪಂಡಿತ ಬಂದ. ಕತ್ತೆಯ ಮೇಲೆ ಪುಸ್ತಕದ ಹೊರೆ, ಮೂಗಿನ ಕೆಳಗೆ ಮೀಸೆಯ ಹೊರೆ.

"ಮಹಾಸ್ವಾಮಿ, ಈ ಪುಸ್ತಕದಂತೆ ಆಡ್ದೋನು ಸೋತ್ರೆ ನನ್ನ ಮೀಸೆ ಬೋಳಿಸಿ," ಅಂದ.

ಕೆಂಪು ರೇಷ್ಮೆಯ ಹೊದಿಕೆ ನೋಡಿಯೇ ರಾಜ ಕರಗಿಹೋದ. ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಹಾರ ಹಾಕಿದರು, ಮಂಗಳಾರತಿ ಎತ್ತಿದರು. ರಾಜ ಮಾತ್ರ ತಾನಾಗಿ ಬಿಡಿಸಿ ಓದಲಿಲ್ಲ. ಆಸ್ಥಾನದ ಗಮಕಿ ತಮ್ಮಯ್ಯ ಅದನ್ನು ಮೋಹನ ರಾಗದಲ್ಲಿ ವಾಚನ ಮಾಡಿದ. ಸಭೆಯೆಲ್ಲ ತಲೆದೂಗಿತು. ರಾಜ ತೂಗುತ್ತಾ ತೂಗುತ್ತಾ ಗೊರಕೆ ಹೊಡೆದ.

ಸಂಜೆ ಎದುರಿಗೆ ಆಡಲು ಕೂತವನೂ ಅದೇ ಪಂಡಿತ. ರಾಜ ಸೋತ. ಮಾತಿಗೆ ಇಟ್ಟಿದ್ದ ಬೆಳ್ಗೊಡೆ, ರಾಜನ ಬಿಳಿ ಕೊಡೆ, ಹೋಯಿತು.

"ಅದು ಎಳೆಯರ ಪುಸ್ತಕ ಮಹಾಸ್ವಾಮಿ, ಇದು ಬಲಿತವರದ್ದು," ಅಂತ ಪಂಡಿತ ನವಿಲುಗರಿ ಹೊದಿಕೆಯದೊಂದು ಕೊಟ್ಟ. ಮತ್ತೆ ಹಾರ, ಮತ್ತೆ ಆರತಿ. ತಮ್ಮಯ್ಯ ಕಲ್ಯಾಣಿ ಹಾಡಿದ. ರಾಜ ಸೋತ. ಸಿಂಹಾಸನ ಹೋಯಿತು. ದೊರೆ ಒರಳುಕಲ್ಲಿನ ಮೇಲೆ ಕೂತು ದರ್ಬಾರು ಮಾಡತೊಡಗಿದ.

"ಇದು ಚಕ್ರವರ್ತಿಗಳದ್ದು," ಅಂತ ಪಂಡಿತ ಗಂಧದ ಹಲಗೆಯ ಹೊದಿಕೆಯದೊಂದು ಕೊಟ್ಟ. ರಾಜ ಒರಳಿನ ಮೇಲಿಂದಲೇ ಸಾರಿದ: "ನಾಳೆ ಮುದ್ದವ್ವನ್ನೇ ಮಾತಿಗೆ ಇಡ್ತೀನಿ!"

ಕೆಂಚಾಂಬೆ ತಕ್ಷಣ ಎದ್ದಳು. ಲಾಯಕ್ಕೆ ಹೋಗಿ ಆನೆಯ ಸೊಂಡಿಲು ತಬ್ಬಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ವಾಚನಕ್ಕೆ ಬಂದು ಮುಂದೆಯೇ ಕೂತಳು. ಈ ಸಲ ತೋಡಿ ರಾಗ. ರಾಣಿ ರಾಗ ಬಿಟ್ಟು ಮಾತು ಹಿಡಿದಳು. 'ಕೈಯೊಳೆರಡೇ ಎಲೆಯ ಪಿಡಿದು...'

ಎರಡೇ? ನಾವು ಆಡೋದು ನಾಲ್ಕು ಹಿಡಿದಲ್ಲವಾ? ಹಿಂದಿನೆರಡು ವಾಚನದಲ್ಲೂ ಇದೇ ಸಾಲು ಕಿವಿಗೆ ಬಿದ್ದಿತ್ತಲ್ಲ, ಅಂದುಕೊಂಡಳು.

ವಾಚನ ಮುಗಿದ ಮೇಲೆ ಗಮಕಿಯನ್ನು ಕರೆದು ಕೇಳಿದಳು: "ತಮ್ಮಯ್ಯನೋರೇ, ಈ ಮೂರೂ ಪುಸ್ತಕ ಒಂದೇ ಅಲ್ವಾ?"

"ಹೌದು ಅಮ್ಮಣ್ಣಿ, ಅಕ್ಷರ ಅಕ್ಷರ ಒಂದೇ. ಅದಕ್ಕೇ ನಾನು ರಾಗ ಬದಲಾಯಿಸ್ತಿದ್ದೆ."

"ಯಾಕೆ ಹೇಳ್ಲಿಲ್ಲ?"

"ಅರ್ಥ ಯಾರೂ ಕೇಳ್ಲಿಲ್ವಲ್ಲ!"

ಅದು ಎರಡೆಲೆ ಆಟದ ಪುಸ್ತಕ. ಆ ಆಟದಲ್ಲಿ ಕೈಯಿಂದ ಒಂದೇ ಎಲೆ ಬಳಸಿದರೂ ನಡೆಯುತ್ತದೆ. ನಾಲ್ಕೆಲೆ ಆಟಕ್ಕೆ ಅದು ಮೂರು ಕಾಸಿಗೂ ಬಾರದು.

ಮರುದಿನ ರಾಣಿ ಸಭೆಯಲ್ಲಿ ಎದ್ದು ನಿಂತಳು. "ಪಂಡಿತರೇ, ಇವತ್ತು ನಾನು ಆಡ್ತೀನಿ. ನಾನೇನೂ ಓದಿಲ್ಲ. ನೀವು ನಿಮ್ಮ ಪುಸ್ತಕದಂತೇ ಆಡಿ, ತಮ್ಮಯ್ಯನೋರು ಪಕ್ಕದಲ್ಲೇ ಹಾಡ್ತಾರೆ. ಗೆದ್ರೆ ಆನೆ ನಿಮ್ದು. ಸೋತ್ರೆ ಕೊಡೆ, ಸಿಂಹಾಸನ ವಾಪಸ್ಸು."

ಪಂಡಿತನ ಮುಖ ಹುಳ್ಳಗಾಯಿತು. "ತಾಯಿ, ಪುಸ್ತಕ ಯಾಕೆ, ನಾನು ಹಾಗೇ..."

"ಯಾಕೆ, ಸುಳ್ಳಾ ಪುಸ್ತಕ? ಹಾಗಿದ್ರೆ ಕ್ಷೌರದವರನ್ನ ಕರೆಸ್ತೀನಿ."

ಪಂಡಿತ ಮೀಸೆ ಮುಟ್ಟಿಕೊಂಡು ಕೂತ.

ಆಟ ನಡೆಯಿತು. ಬೀಜ ಅತ್ತ ಹೋಯಿತು, ಇತ್ತ ಬಂತು. ಕೊನೆಗೊಮ್ಮೆ ರಾಶಿ ದೊಡ್ಡದಾಯಿತು. ಚಾಪೆಯ ಮೇಲೆ ನಾಲ್ಕು ಕಳಾವರ್ ಬಿದ್ದವು. ಪಂಡಿತನ ಕೈಯಲ್ಲಿ ಕಳಾವರ್ ಎಕ್ಕ, ಉಳಿದ ಮೂರೂ ಬೇರೆ ಬಣ್ಣದವು. ಕೈ ಇಣುಕಿ ನೋಡಿದ ತಮ್ಮಯ್ಯ ಕಣ್ಣು ಮುಚ್ಚಿ ಎಳೆದ: 'ಕೈಯೊಳೊಂದು, ಚಾಪೆಯೊಳ್ ನಾಲ್ಕು, ಬಣ್ಣವೊಂದೇ ಇರಲು, ಇರುವುದೆಲ್ಲ ಸುರಿದುಬಿಡೂಊಊ...'

ಪಂಡಿತ ಬೀಜದ ಮೇಲಿಟ್ಟ ಕೈ ಎತ್ತಲಿಲ್ಲ. ಕೈಯಿಂದ ಎರಡು ಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು.

"ಏನು ಯೋಚ್ನೆ?" ಅಂದಳು ರಾಣಿ. "ಪುಸ್ತಕ ನಿಜ ಅಂದ್ರೆ ಬೀಜ ಸುರೀರಿ. ಸುಳ್ಳು ಅಂದ್ರೆ ಮೀಸೆ ಕೊಡಿ."

ಪಂಡಿತ ಇದ್ದ ಬೀಜವೆಲ್ಲ ಸುರಿದ. ರಾಣಿ ತನ್ನ ಎರಡು ಕಳಾವರ್ ಕೆಳಗಿಟ್ಟಳು, ಒಂದು ಆರು, ಒಂದು ಮೂರು. ಬಡಕಲು ಎಲೆಗಳೇ, ಆದರೆ ಎರಡು.

"ನಿಮ್ಮ ಎರಡನೇ ಕಳಾವರ್ ಎಲ್ಲಿ ಪಂಡಿತರೇ?"

ಎಲ್ಲಿಂದ ಬರಬೇಕು! ಕೊಡೆ ಬಂತು, ಸಿಂಹಾಸನ ಬಂತು, ಪುಸ್ತಕದಂತೆ ಆಡಿದವನೇ ಸೋತದ್ದಕ್ಕೆ ಮೀಸೆಯೂ ಹೋಯಿತು. ಮುದ್ದವ್ವ ಲಾಯದಲ್ಲೇ ಉಳಿದಳು, ರಾಣಿ ತನ್ನ ಕೈಯಾರೆ ಬೆಲ್ಲ ತಿನ್ನಿಸಿದಳು.

"ಹಾಗಾದ್ರೆ ನಾನು ಯಾವ ಪುಸ್ತಕ ಕೊಳ್ಳಲಿ?" ಅಂತ ರಾಜ ಗೋಗರೆದ.

"ಮೊದಲು ಬಿಡಿಸಿ ಓದಿ, ನಮ್ಮ ಆಟದ್ದೇನಾ ಅಂತ ನೋಡಿ ದೊರೆಗಳೇ. ಆಮೇಲೆ ಮಾರೋನು ಅದರಂತೆ ತಾನೇ ಆಡ್ತಾನಾ ಕೇಳಿ."

ಕೇಳಿದಿರಲ್ಲ? ಹೊದಿಕೆ ನೋಡಿ ಪುಸ್ತಕ ಕೊಂಡು, ಓದದೆ ಅದಕ್ಕೆ ಆರತಿ ಎತ್ತುವವನು ತನ್ನ ಮನೆಯನ್ನೇ ಮೋಸಗಾರನ ಕೈಗೆ ಕೊಡುತ್ತಾನೆ. ಇದೇ ಈ ಕಥೆಯ ನೀತಿ. ಈಗ ಎದ್ದು ಉಣ್ಣೋಕೆ ನಡೀರಿ.